ಇಳಿಸಿದ ಗಾಡಿ

ದಾವಣಗೆರೆ ಆನೆಕೊಂಡದ ಕಡೆ ನಾನು ಗ್ಯಾರೇಜ್ ಇಟ್ಕಂಡು ಬಹಳ ವರ್ಷ ಆತು. ಗಾಡಿ ಕೆಟ್ಟು ಬಂದ್ರೆ ನಾನು ಹೆದರೋನಲ್ಲ. ಚೆನ್ನಾಗಿ ಓಡೋ ಗಾಡಿಗೆ ಏನಾರ ಹಾಕ್ಸಬೇಕು, ಏನಾರ ತೆಗಿಸಬೇಕು ಅಂತ ಜನಕ್ಕೆ ಆಸೆ ಹುಟ್ಟಿದಾಗ ಮಾತ್ರ ನನ್ನ ಎದೆ ಡವಡವ ಅಂತೈತೆ. ಆ ಕೆಲಸ ಗ್ಯಾರೇಜಿನಾಗೆ ಮುಗಿಯಲ್ಲ ನೋಡ್ರಿ. ಅವರ ಮನೆ, ಆಫೀಸು, ಬೀಗರ ಮನೆ ಎಲ್ಲಾ ಸುತ್ಕಂಡು ಮತ್ತೆ ನನ್ನ ಬಾಗ್ಲಿಗೇ ಬಂದು ನಿಲ್ತೈತೆ. ವಾರಕ್ಕೊಂದು ಇಂಥದ್ದು ಇದ್ದೇ ಇರ್ತೈತೆ. ಆದ್ರೆ ಒಂದು ಕೆಂಪು ಗಾಡಿ, ಎರಡೇ ಬಾಗ್ಲಿಂದು, ನನ್ನ ಮೂರು ತಿಂಗಳು ಆಡಿಸಿದಂಗೆ ಯಾವುದೂ ಆಡಿಸಿಲ್ಲ. ನನಗೆ ಮೊದ್ಲೇ ಮೂಗಿನ ತುದೀಲಿ ಸಿಟ್ಟು. ಆ ಮೂರು ತಿಂಗಳು ಬೈಕಂಡಿದ್ದು ಎಷ್ಟೋ, ನಕ್ಕಿದ್ದೂ ಅಷ್ಟೇ.

೧. ಬಕೀಟು

ಗಾಡಿ ತಂದಿದ್ದು ಒಬ್ರು ಮೇಡಂ. ಮನೆ ದಾವಣಗೆರೆ, ಕೆಲಸ ಹರಿಹರದ ಕಾಲೇಜಿನಾಗೆ ಗಣಿತ ಹೇಳೋದು. ದಿನಾ ಹೋಗಿ ಬರ್ಬೇಕು. ಗಾಡಿ ನೋಡಿ ನಾನು ಸ್ಪ್ಯಾನರ್ ಕೆಳಗಿಟ್ಟೆ. ಮೊದ್ಲು ಇಟ್ಕಂಡಿದ್ದ ಹುಡುಗ ಅದಕ್ಕೆ ಮಾಡಬಾರದ್ದೆಲ್ಲಾ ಮಾಡಿದ್ದ. ಸೈಲೆನ್ಸರ್ ಕಿತ್ತು ಬರೀ ಪೈಪ್ ಬಿಟ್ಟಿದ್ದ. ಹಿಂದೆ ಡಿಕ್ಕಿ ಮೇಲೆ ಇಷ್ಟುದ್ದದ ರೆಕ್ಕೆ. ಮುಂದೆ ಬಂಪರ್ ಕೆಳಗೆ ನೆಲ ನೆಕ್ಕೋ ಹಂಗೆ ಒಂದು ಪಟ್ಟಿ. ಅದೂ ಸಾಲದು ಅಂತ ಗಾಡೀನ ಇಳಿಸಿದ್ದ. ನಮ್ಮ ಕಸುಬಿನಾಗೆ ‘ಇಳಿಸೋದು’ ಅಂದ್ರೆ ಸ್ಪ್ರಿಂಗ್ ಗಿಡ್ಡ ಮಾಡಿ ಗಾಡೀನ ನೆಲಕ್ಕೆ ಹತ್ರ ತರೋದು. ಒಂದಿಂಚು, ಎರಡಿಂಚು, ಅವರವರ ಹುಚ್ಚಿಗೆ ತಕ್ಕಂಗೆ.

“ಮೇಡಮ್ಮಾರೆ, ಇದನ್ಯಾಕ ತಗಂಡ್ರಿ?” ಅಂದೆ.

“ಹದಿನೆಂಟು ವರ್ಷ ಬಸ್ಸಿನಾಗೆ ನಿಂತ್ಕಂಡೇ ಹರಿಹರಕ್ಕೆ ಹೋಗೀನಿ ಅಣ್ಣಾ,” ಅಂದ್ರು. “ಮನೆಗೆ ಅಂತ, ಮಕ್ಳಿಗೆ ಅಂತ ಎಲ್ಲಾ ತಗಂಡಿದ್ದಾತು. ಇದೊಂದು ನನ್ನ ಇಷ್ಟಕ್ಕೆ ತಗಂಡಿದ್ದು. ದಿನಾ ಓಡಾಡೋಕೆ ಬರೋ ಹಂಗೆ ಮಾಡಿಕೊಡ್ರಿ. ಆದ್ರೆ ಒಂದು ತೊಡಕೈತೆ.”

ತೊಡಕು ಅಂದ್ರೆ ಅವರ ಅತ್ತೆ. ಆಯಮ್ಮ ಗಾಡಿ ನೋಡಿದ ದಿನಾನೇ ತೀರ್ಪು ಕೊಟ್ಟಿದ್ರಂತೆ: “ಎರಡು ಬಾಗ್ಲಂದ್ರೆ ಅರ್ಧ ಗಾಡಿ. ದೀಪಾವಳಿ ಒಳಗೆ ನನ್ನ ಇದ್ರಾಗೆ ಕುಂದ್ರಿಸ್ಕಂಡು ಹರಿಹರಕ್ಕೆ, ನನ್ನ ತಂಗಿ ಮನೆಗೆ, ಕರ್ಕಂಡು ಹೋಗು. ನನ್ನ ಸೊಂಟ ನೋಯಬಾರ್ದು. ನೋಯ್ತೋ, ಇದನ್ನ ಮಾರಿ ನಾಕು ಬಾಗ್ಲಿಂದು ತಗೋ.”

ಸೊಸೆ ಒಪ್ಕಂಡು ಬಂದಿದ್ರು. ಮುಖ ನೋಡಿದ್ರೆ ಪಾಪ ಅನ್ನಿಸ್ತು. “ಚಿಂತಿ ಬಿಡ್ರಿ, ನಾನಿದೀನಿ,” ಅಂದುಬಿಟ್ಟೆ. ಹಿಂಗೆ ಬಾಯಿಬಿಟ್ಟೇ ನಾನು ಪ್ರತಿ ಸಲ ಸಿಕ್ಕಿ ಬೀಳೋದು.

ಮುಂದಿನ ಎರಡು ಸೀಟೂ ರೇಸಿನವು. ಕೂತ್ರೆ ಗುಂಡಿಗೆ ಇಳಿದಂಗೆ, ಎರಡೂ ಪಕ್ಕದಾಗೆ ಗೋಡೆ ಎದ್ದಂಗೆ ಇರ್ತಾವೆ. ಅವಕ್ಕೆ ಬಕೆಟ್ ಸೀಟು ಅಂತಾರೆ. ಎಡಗಡೆದು ತೆಗೆದು ಅತ್ತೆಗೆ ಅಂತ ಒಂದು ಮೆತ್ತನೆ ಸೀಟು ಹಾಕೋದು ಅಂತ ಮಾತಾಗಿತ್ತು. ಆ ವಿಷಯ ಮೇಡಂ ಮನೆಯಿಂದ ನನಗೆ ಫೋನಿನಾಗೆ ಹೇಳ್ತಿದ್ದಾಗ ಅತ್ತೆ ಅಡಿಗೆ ಮನೆಯಿಂದ ಅರ್ಧಂಬರ್ಧ ಕೇಳಿಸ್ಕಂಡವ್ರೆ. ಮಾರನೇ ದಿನ ಅವರದೇ ಫೋನ್ ಬಂತು.

“ಏನಪ್ಪಾ ಮೇಸ್ತ್ರಿ, ನನ್ನ ಬಕೀಟ್ನಾಗೆ ಕುಂದ್ರಿಸಿ ಹರಿಹರಕ್ಕೆ ಕಳಿಸ್ತೀರಂತೆ?”

“ಅಯ್ಯೋ ಇಲ್ಲಮ್ಮಾ! ಅದು ಸೀಟಿನ ಹೆಸ್ರು ಅಷ್ಟೇ.”

“ಸೀಟಿಗೆ ಸೀಟು ಅಂತ ಹೆಸ್ರಿರ್ತೈತೆ. ಬಕೀಟು ಅಂತ ಯಾಕಿಡ್ತಾರೆ? ಓಣಿ ತುಂಬ ಹೆಣ್ಮಕ್ಳು ಕೇಳಾಕ ಹತ್ಯಾರೆ ನನ್ನ.”

ಓಣಿಗೆಲ್ಲಾ ಹೇಳಿದ್ದು ಇವರೇ. ಹತ್ತು ನಿಮಿಷ ಗಂಟಲು ಹರ್ಕಂಡು ತಿಳಿಸಿ ಹೇಳಿದೆ. ಆ ಕಡೆಯಿಂದ ‘ಹ್ಞೂಂ, ಹ್ಞೂಂ’ ಅಂತಿದ್ರು. ಅರ್ಥ ಆತು ಅಂದ್ಕಂಡು ಬೆವರು ಒರೆಸ್ಕಂಡೆ.

“ಆತು ಬಿಡಪ್ಪ,” ಅಂದ್ರು. “ಪ್ಲಾಸ್ಟಿಕ್ಕಿಂದೋ, ಸ್ಟೀಲಿಂದೋ?”

೨. ಕಾಲೇಜಿನ ಗಂಟೆ

ಮೊದ್ಲು ಸದ್ದು ಅಡಗಿಸೋಣ ಅಂತ ಸೈಲೆನ್ಸರ್ ಕೆಲಸ ಹಿಡಿದೆ. ಆ ಗಾಡಿ ಸ್ಟಾರ್ಟ್ ಆದ್ರೆ ನನ್ನ ಶೆಡ್ಡಿನ ತಗಡು ಅದುರ್ತಿತ್ತು. ಇಂಥ ಗಾಡೀಲಿ ಒಬ್ರು ಗಣಿತದ ಮೇಡಂ ಕಾಲೇಜಿಗೆ ಹೋಗೋದು ಅಂದ್ರೆ ಏನ್ರಿ ಅದು.

ಹೊಸ ಸೈಲೆನ್ಸರ್ ಹಾಕೋ ಹಿಂದಿನ ದಿನ ಗ್ಯಾರೇಜಿಗೆ ಮೂರು ಹುಡುಗ್ರು ಬಂದ್ರು. ಹೆಗಲಿಗೆ ಬ್ಯಾಗು, ಕೈ ಕಟ್ಕಂಡು ನಿಂತಿದ್ದು ನೋಡಿದ್ರೆ ಚಂದಾ ಕೇಳಾಕ ಬಂದವ್ರೆ ಅನ್ಕಂಡೆ.

“ಸಾರ್, ಆ ಕೆಂಪು ಗಾಡಿ ಸೈಲೆನ್ಸರ್ ಸರಿ ಮಾಡಬ್ಯಾಡ್ರಿ ಸಾರ್,” ಅಂದ ಒಬ್ಬ.

“ಯಾಕಲೇ? ನಿಮಗೇನಾತು?”

“ನಾವು ಮೇಡಂ ಸ್ಟೂಡೆಂಟ್ಸ್ ಸಾರ್. ಗಾಡಿ ಊರ ಹೊರಗೆ ಇದ್ದಾಗ್ಲೇ ನಮಗೆ ಕೇಳ್ತೈತೆ. ಕ್ಯಾಂಟೀನಿನಾಗೆ ಮಿರ್ಚಿ ಬಜ್ಜಿ ತಿಂದು ಮುಗಿಸಿ, ಕೈ ತೊಳ್ಕಂಡು, ಕ್ಲಾಸಿನಾಗೆ ಪುಸ್ತಕ ತೆಗೆದು ಕೂರೋಕೆ ಸರಿಯಾಗಿ ನಾಕು ನಿಮಿಷ ಸಿಗ್ತೈತೆ. ಮೇಡಂ ನಮ್ಮನ್ನ ಭಾಳ ಒಳ್ಳೇ ಹುಡುಗ್ರು ಅಂದ್ಕಂಡಾರೆ. ಆ ಹೆಸ್ರು ಹಾಳ್ಮಾಡಬ್ಯಾಡ್ರಿ.”

ಇನ್ನೊಬ್ಬ ಕೈ ಮುಗಿದೇ ಬಿಟ್ಟ. ನಗು ತಡ್ಕಂಡು, “ನಡೀರಲೇ ಆಚೆ, ಲೆಕ್ಕ ಮಾಡ್ಕಳ್ರಿ ಹೋಗ್ರಿ,” ಅಂತ ಗದರಿಸಿ ಕಳಿಸಿದೆ. ಸೈಲೆನ್ಸರ್ ಹಾಕಿದೆ. ಗಾಡಿ ಬೆಕ್ಕಿನ ಹಂಗೆ ಹೊರಡ್ತು.

ಎರಡು ದಿನ ಬಿಟ್ಟು ಮೇಡಂ ಬಂದ್ರು. “ಅಣ್ಣಾ, ಕೆಲಸ ಚೆನ್ನಾಗಿ ಮಾಡೀರಿ. ಆದ್ರೆ ನಿನ್ನೆ ನಾನು ಕ್ಲಾಸಿಗೆ ಹೋಗಿ ಅರ್ಧ ಗಂಟೆ ಒಬ್ಳೇ ಕೂತಿದ್ದೆ. ಒಂದು ಹುಳಾನೂ ಬರ್ಲಿಲ್ಲ.”

“ಹುಡುಗ್ರು ಕ್ಯಾಂಟೀನಿನಾಗೆ ಇದ್ರೇನ್ರಿ?”

“ಹುಡುಗ್ರಷ್ಟೇ ಅಲ್ಲ, ಲೆಕ್ಚರರ್‌ಗಳೂ ಅಲ್ಲೇ ಇದ್ರು. ಗಂಟೇನೇ ಹೊಡೆದಿರ್ಲಿಲ್ಲ. ವಾಚ್‌ಮನ್ ಯಾಕೆ ಹೊಡೀಲಿಲ್ಲ ಅಂತ ಪ್ರಿನ್ಸಿಪಾಲ್ರು ಕೇಳಿದ್ರೆ, ‘ಮೇಡಂ ಗಾಡಿ ಸದ್ದು ಇನ್ನೂ ಬಂದಿಲ್ಲ ಸಾರ್’ ಅಂದ.”

೩. ರೆಕ್ಕೆ

ಸದ್ದು ಅಡಗ್ತು, ಇನ್ನು ರೆಕ್ಕೆ. ಅದು ಯಾಕೈತೆ ಅಂತ ಮೇಡಮ್ಮಾರ ಯಜಮಾನ್ರು ಒಂದಿನ ಕೇಳಿದ್ರು. ಬ್ಯಾಂಕಿನಾಗೆ ಕೆಲಸ ಮಾಡೋರು, ಯಾವುದಕ್ಕೂ ಕಾರಣ ಬೇಕು ಅವ್ರಿಗೆ.

“ಭಾಳ ಸ್ಪೀಡ್ ಹೋದಾಗ ಗಾಡಿ ನೆಲ ಬಿಟ್ಟು ಏಳಬಾರ್ದು ಅಂತ ಸಾರ್. ಗಾಳಿ ಒತ್ತಿ ಹಿಡಿತೈತೆ.”

“ಹರಿಹರದ ದಾರ್ಯಾಗೆ ಬಾತಿ ಊರ ಹತ್ರ ಹಂಪ್ ಮೇಲೆ ಹತ್ತು ಸ್ಪೀಡಿನಾಗೆ ಹೋಗ್ತಾಳೆ ಇವ್ಳು. ಎಲ್ಲಿಂದ ಏಳ್ತೈತ್ರಿ?”

ಅವರು ಹೇಳಿದ್ರಾಗೂ ನ್ಯಾಯ ಇತ್ತು. ಭಾನುವಾರ ತೆಗೀತೀನಿ ಅಂದೆ. ಅಷ್ಟ್ರಾಗೆ ಶುಕ್ರವಾರ ಬಂತು.

ಶುಕ್ರವಾರ ಅತ್ತೆ ತಲೆಸ್ನಾನ ಮಾಡಿ ಸೀರೆ ಒಗೆದವ್ರೆ. ತಂತಿ ತುಂಬ ಮೊಮ್ಮಕ್ಕಳ ಬಟ್ಟೆ. ಕಾಂಪೌಂಡಿನಾಗೆ ಬಿಸಿಲಿಗೆ ನಿಂತಿದ್ದ ಗಾಡಿ, ಅದರ ಮೇಲೆ ಎದೆ ಮಟ್ಟಕ್ಕೆ ಅಡ್ಡಡ್ಡ ಒಂದು ರೆಕ್ಕೆ. ಒಗೆದ ಬಟ್ಟೆ ಹಿಡ್ಕಂಡು ನಿಂತಿರೋ ಹೆಣ್ಮಗಳಿಗೆ ಅದು ಇನ್ನೇನಾಗಿ ಕಾಣಬೇಕು ಹೇಳ್ರಿ? ಸೀರೆ ಹರವಿ, ಗಾಳಿಗೆ ಹಾರಬಾರ್ದು ಅಂತ ಸೆರಗಿನ ತುದಿ ಬಿಗಿಯಾಗಿ ಗಂಟು ಹಾಕಿ ಒಳಗೆ ಹೋದ್ರು. ಮೇಡಂಗೆ ಅವತ್ತು ಹೊತ್ತಾಗಿತ್ತು. ಮನೆ ಮುಂಬಾಗ್ಲಿಂದ ಓಡಿಬಂದು ಗಾಡೀಲಿ ಕೂತು ಹೊರಟೇಬಿಟ್ರು.

ಹಸಿರು ಸೀರೆ, ಕೆಂಪು ಅಂಚು. ಬಾತಿ ದಾಟೋದ್ರಾಗೆ ಅದು ಪೂರ್ತಿ ಬಿಚ್ಕಂಡು ಪಟಪಟ ಅಂತ ಹಾರಾಕ ಹತ್ತಿತ್ತಂತೆ. ರಸ್ತೆ ಬದಿ ಜನ ಕೈ ಬೀಸಿದ್ರು. ಬೈಕಿನೋರು ಪಕ್ಕಕ್ಕೆ ಬಂದು ಏನೇನೋ ಕೂಗಿದ್ರು. ಗಾಡಿ ಚಂದೈತೆ ಅಂತ ನೋಡ್ತಾರೆ ಅಂದ್ಕಂಡು ಮೇಡಂ ಎಲ್ರಿಗೂ ನಕ್ಕಂಡು ಹೋಗ್ಯಾರೆ. ಕಾಲೇಜ್ ಗೇಟಿನಾಗೆ ಅದೇ ವಾಚ್‌ಮನ್ ಎದ್ದು ನಿಂತು ಸೆಲ್ಯೂಟ್ ಹೊಡೆದು, “ಹೇಳ್ಲೇ ಇಲ್ವಲ್ಲ ಮೇಡಂ, ಯಾವ ಪಾರ್ಟಿಯಿಂದ ನಿಂತೀರಿ?” ಅಂದನಂತೆ.

ಮೇಡಂಗೆ ಅವಮಾನ ಆದಂಗಾಗಿ ಕಾಲೇಜಿನಿಂದ್ಲೇ ನನಗೆ ಫೋನ್ ಹಚ್ಚಿದ್ರು: “ಇವತ್ತೇ ಆ ರೆಕ್ಕೆ ಕಿತ್ತಾಕ್ರಿ ಅಣ್ಣಾ!” ಸಂಜೆ ಸಾಮಾನು ತಗಂಡು ಅವರ ಮನೆಗೆ ಹೋದೆ. ಅತ್ತೆ ಬಾಗ್ಲಾಗೇ ನಿಂತಿದ್ರು. ಬೈತಾರೆ, ಗಾಡಿ ಮಾರು ಅಂತಾರೆ ಅಂತ ಮೇಡಂ ಹೆದರ್ಕಂಡು ಸೀರೆ ಮಡಚಿ ಕೊಟ್ರು. ಆಯಮ್ಮ ಸೀರೆ ಮೂಸಿ ನೋಡಿದ್ರು, ಅಂಚು ಮುಟ್ಟಿ ನೋಡಿದ್ರು.

“ಹರಿಹರ ಮುಟ್ಟೋದ್ರಾಗೇ ಒಣಗಿತ್ತಾ?”

“ಹ್ಞೂಂ ಅತ್ತೆ.”

ನನ್ನ ಕಡೆ ತಿರುಗಿದ್ರು. “ರೆಕ್ಕೆ ತೆಗೀಬ್ಯಾಡಪ್ಪ. ನಾಳೆ ಬೆಡ್‌ಶೀಟ್ ಅದಾವೆ.”

೪. ಉಪಯೋಗಕ್ಕೆ ಬರೋದು

ಯಜಮಾನ್ರು ಹೆಂಡ್ತಿ ಪರ, ಸುಳ್ಳು ಹೇಳಬಾರ್ದು. ಗಾಡಿ ಮನ್ಯಾಗೆ ಉಳೀಬೇಕು ಅಂತ ಅವ್ರಿಗೂ ಆಸೆ. ಆದ್ರೆ ಅವರ ದಾರಿ ಬೇರೆ. ಒಂದಿನ ಮೇಡಂ ಜೊತೆ ಗ್ಯಾರೇಜಿಗೆ ಬಂದ್ರು. “ಮೇಸ್ತ್ರಿ, ಆ ಹುಡುಗ ಹಾಕ್ಸಿದ್ದೆಲ್ಲಾ ಶೋಕಿ. ನಾವು ಉಪಯೋಗಕ್ಕೆ ಬರೋದು ಹಾಕ್ಸೋಣ. ಆಗ ಅವ್ವ ಬ್ಯಾಡ ಅನ್ನಂಗಿಲ್ಲ,” ಅಂತ ಒಂದು ಹಾಳೆ ತೆಗೆದ್ರು. ಅದ್ರಾಗೆ ಪೆನ್ಸಿಲ್‌ನಾಗೆ ಗಾಡಿ ಚಿತ್ರ. ಬಾಣ ಹಾಕಿ ಹಾಕಿ ಬರೆದಿದ್ರು.

ಮೇಲೆ ಲಗೇಜ್ ಕ್ಯಾರಿಯರ್, ಅಕ್ಕಿ ಮೂಟೆ ತರಾಕೆ. ಬಾಗ್ಲ ಕೆಳಗೆ ಮಡಚೋ ಮೆಟ್ಟಿಲು, ಅವ್ವ ಹತ್ತಾಕೆ. ನೆಲಕ್ಕೆ ಗೇಣು ಅಂತರ ಇರೋ ಗಾಡಿಗೆ ಮೆಟ್ಟಿಲು! ಹತ್ತಾಕಲ್ಲ, ಅದರಾಗೆ ಇಳಿಯಾಕೆ ಬೇಕು ಅಂದೆ, ಕೇಳಿಸ್ಕಳ್ಳಲಿಲ್ಲ. ಕಿಟಕಿಗೆ ಸೊಳ್ಳೆ ಜಾಲರಿ. ಹಿಂದಿನ ಗಾಜಿಗೆ ಕುಚ್ಚಿನ ಪರದೆ. ಎರಡು ಸೀಟಿನ ನಡುವೆ ನೀರಿನ ಕ್ಯಾನ್ ಇಡಾಕೆ ಕಬ್ಬಿಣದ ಸ್ಟ್ಯಾಂಡು. ಒಳಗೆ ಬಾಗ್ಲ ಮೇಲೆ ಹಿಡ್ಕಳಾಕೆ ಸಿಟಿ ಬಸ್ಸಿನಾಗೆ ಇರ್ತೈತಲ್ಲ, ಅಂಥ ಗಟ್ಟಿ ಹಿಡಿಕೆ.

ಹಾಳೆ ತಿರುಗಿಸಿ ನೋಡ್ದೆ. ಹಿಂದೆಯೂ ಬರೆದಿದ್ರು.

ನನಗೆ ತಡ್ಕಳಾಕೆ ಆಗ್ಲಿಲ್ಲ. “ಸಾರ್, ಆ ಹುಡುಗ ಹಾಳು ಮಾಡಿದ್ದು ಅರ್ಧ. ಉಳಿದಿದ್ದು ನೀವು ಮುಗಿಸ್ತೀರಿ. ಇಷ್ಟೆಲ್ಲಾ ಹಾಕಿ, ಹಿಂದೆ ಒಂದು ಏಣಿ ಹಾಕಿ, ಬಾಗ್ಲಿಗೆ ಒಬ್ಬ ಕಂಡಕ್ಟರ್ ನಿಲ್ಲಿಸಿದ್ರೆ ಜಗಳೂರು ರೂಟಿಗೆ ಪರ್ಮಿಟ್ಟೇ ಸಿಗ್ತೈತೆ!”

ಮೇಡಂ ಆ ಕಡೆ ತಿರುಗಿ ಸೆರಗು ಬಾಯಿಗೆ ಇಟ್ಕಂಡ್ರು. ಕೊನೆಗೆ ಯಜಮಾನ್ರ ಮನಸ್ಸು ನೋಯಬಾರ್ದು ಅಂತ ಬಸ್ಸಿನ ಹಿಡಿಕೆ ಒಂದನ್ನ ಮಾತ್ರ ಎಡಗಡೆ ಹಾಕಿಕೊಟ್ಟೆ. ಮೆಟ್ಟಿಲು, ಜಾಲರಿ, ಪರದೆ ಎಲ್ಲಾ ಆ ಹಾಳೇಲೇ ಉಳಿದ್ವು.

ಯಜಮಾನ್ರು ಹಾಳೆ ಮಡಚಿ ಜೇಬಿಗೆ ಇಟ್ಕಂಡು ಹೊರಟೋರು ಗೇಟಿಂದ ವಾಪಸ್ ಬಂದ್ರು. “ಮೇಸ್ತ್ರಿ, ಆ ಪರ್ಮಿಟ್ಟಿಗೆ ಎಷ್ಟು ದಿನ ಹಿಡಿತೈತ್ರಿ?”

೫. ಕುಂಬಳಕಾಯಿ

ಆಯುಧಪೂಜೆ ದಿನದ್ದು ಇದು. ಏರಿಸಾಕೆ ಬೇಕಾದ ಹೊಸ ಸ್ಪ್ರಿಂಗ್ ಇನ್ನೂ ಬಂದಿರ್ಲಿಲ್ಲ, ಗಾಡಿ ನೆಲ ನೆಕ್ಕಂತಾನೇ ಇತ್ತು. ಪೂಜೆಗೆ ನನ್ನೂ ಕರೆದಿದ್ರು.

ಗಾಡಿಗೆ ವಿಭೂತಿ, ಹೂವಿನ ಹಾರ, ಎರಡೂ ಕಡೆ ಬಾಳೆಕಂದು. ಬಂಪರಿಗೆ ದೃಷ್ಟಿ ಆಗಬಾರ್ದು ಅಂತ ಲಿಂಬೆಹಣ್ಣು ಮೆಣಸಿನಕಾಯಿ ದಾರಕ್ಕೆ ಪೋಣಿಸಿ ಕಟ್ಟಿದ್ರು. ಕಟ್ಟಿದ್ದು ನೇತಾಡ್ಲಿಲ್ಲ, ನೆಲದ ಮೇಲೆ ಮಲಗ್ತು. ಅತ್ತೆ ನೋಡಿ ಮುಖ ಸಿಂಡರಿಸ್ಕಂಡ್ರು. ಆಮೇಲೆ ಬೂದುಗುಂಬಳಕಾಯಿಗೆ ಕುಂಕುಮ ಹಾಕಿ ಗಾಡಿ ಮುಂದೆ ಒಡೆದ್ರು. ಗಾಲಿ ಕೆಳಗೆ ಲಿಂಬೆಹಣ್ಣು ಇಟ್ರು.

“ಈಗ ಮುಂದಕ್ಕೆ ಬಿಡವ್ವ,” ಅಂದ್ರು ಅತ್ತೆ.

ಮೇಡಂ ಗಾಡಿ ಬಿಟ್ರು. ಲಿಂಬೆಹಣ್ಣು ಟಪ್ ಅಂತು, ಅಲ್ಲಿಗೆ ಎಲ್ಲಾ ಸರಿ. ಆದ್ರೆ ಆ ಮುಂದಿನ ಪಟ್ಟಿ ಐತಲ್ಲ, ಅದು ಕುಂಬಳಕಾಯಿ ಹೋಳಿನ ಮೇಲೆ ಹೋಗಲೇ ಇಲ್ಲ. ತಳ್ಕಂಡೇ ಹೊರಡ್ತು. ಕುಂಬಳಕಾಯಿ, ಕುಂಕುಮ, ಉದುರಿದ ಹೂವು, ತೆಂಗಿನಕಾಯಿ ಚಿಪ್ಪು, ಊದಿನಕಡ್ಡಿ ಬೂದಿ, ಎಲ್ಲಾ ಒಟ್ಟು ಮಾಡ್ಕಂಡು ಅಂಗಳದ ಈ ತುದಿಯಿಂದ ಗೇಟಿನ ತನಕ ದಬ್ಬಿ ರಸ್ತೆಗೆ ಹಾಕ್ತು. ಹಿಂದೆ ನೋಡಿದ್ರೆ ಅಂಗಳ ಲಕಲಕ ಅಂತಿತ್ತು.

ಪೂಜೆ ದಿನ ಹಿಂಗಾತಲ್ಲ, ಅಪಶಕುನ ಅಂದುಬಿಡ್ತಾರೆ, ಇನ್ನು ದೀಪಾವಳಿ ತನಕ ಕಾಯೋದೂ ಬ್ಯಾಡ ಅಂತ ನಾನು ಮೆಲ್ಲಗೆ ಚಪ್ಪಲಿ ಹುಡುಕಾಕೆ ಹತ್ತಿದೆ. ಮೇಡಂ ಇಳಿಯೋ ಧೈರ್ಯ ಇಲ್ದೆ ಒಳಗೇ ಕೂತಿದ್ರು.

ಅತ್ತೆ ಗುಡಿಸಾಕೆ ಅಂತ ತಂದಿಟ್ಕಂಡಿದ್ದ ಪೊರಕೇನ ಗೋಡೆಗೆ ಒರಗಿಸಿ, “ಬಿಡು, ಕಸ ಹೊಡಿಯಾಕಾದ್ರೂ ಬಂತು,” ಅಂದು ಒಳಗೆ ಹೋದ್ರು.

೬. ಎಷ್ಟು ಇಂಚು?

ಆ ಪಟ್ಟಿ ಸೀಳಿತ್ತು, ತೆಗೆದೆ. ಸ್ಪ್ರಿಂಗ್ ಬಂತು, ಗಾಡೀನ ಎರಡಿಂಚು ಏರಿಸಿದೆ. ಇನ್ನು ಉಳಿದಿದ್ದು ಅತ್ತೆಗೆ ಅಂತ ಮಾತು ಕೊಟ್ಟಿದ್ದ ಮೆತ್ತನೆ ಸೀಟು. ಹಳೇ ಸೀಟೊಂದು ಹುಡುಕಿ, ಹೊಸ ಸ್ಪಂಜ್ ತುಂಬಿಸಾಕೆ ಕುಷನ್ ಅಂಗಡಿಗೆ ಕೊಟ್ಟಿದ್ದೆ. ನಾಳೆ ದೀಪಾವಳಿ ಹಬ್ಬ ಶುರು, ಇವತ್ತು ಹರಿಹರಕ್ಕೆ ಹೋಗೋದು ಅಂತ ಗೊತ್ತು ಮಾಡಿದ್ರು. ಬೆಳಿಗ್ಗೆ ಸೀಟು ತರಾಕೆ ಹೋದ್ರೆ ಅಂಗಡಿಗೆ ಬೀಗ. ಆಸಾಮಿ ಹಬ್ಬಕ್ಕೆ ಹೆಂಡ್ತಿ ಊರು ಕೊಕ್ಕನೂರಿಗೆ ಹೋಗ್ಯಾನೆ, ಫೋನ್ ಎತ್ತಲ್ಲ. ನಾನು ಮೊದ್ಲೇ ವಿಚಾರಿಸ್ಬೇಕಿತ್ತು. ತಪ್ಪು ನಂದೇ.

ಮೇಡಂಗೆ ಹೇಳಿದೆ. ಅವರು ಬೈಲಿಲ್ಲ, ಅದೇ ಹೆಚ್ಚು ಸಂಕಟ ಆತು. “ಇರ್ಲಿ ಬಿಡ್ರಿ ಅಣ್ಣಾ. ಇವತ್ತು ತಪ್ಪಿದ್ರೆ ಅತ್ತೆ ಒಪ್ಪಲ್ಲ. ಬಕೆಟ್ ಸೀಟಿನಾಗೇ ಕರ್ಕಂಡು ಹೋಗ್ತೀನಿ. ಆಗಿದ್ದಾಗ್ಲಿ,” ಅಂದ್ರು. ಯಜಮಾನ್ರು ಹಿಂದಿನ ಸೀಟಿನಾಗೆ ಮೊಣಕಾಲು ಗದ್ದಕ್ಕೆ ಹಚ್ಕಂಡು ಕೂತ್ರು. ಅತ್ತೆ ಬಸ್ಸಿನ ಹಿಡಿಕೆ ಹಿಡಿದು ಒಳಗೆ ಇಳಿದ್ರು. ಮೂವರೂ ಹೋದ್ರು.

ಮಧ್ಯಾಹ್ನ ನಾನು ಗ್ರೈಂಡಿಂಗ್ ಮಷೀನ್ ಹಿಡ್ಕಂಡಿದ್ದೆ. ಫೋನ್ ಬಂತು. ಯಜಮಾನ್ರ ದನಿ, ಸದ್ದಿನಾಗೆ ಏನೂ ಸರಿ ಕೇಳ್ಲಿಲ್ಲ.

“ಮೇಸ್ತ್ರಿ, ಬೇಗ ಹರಿಹರಕ್ಕೆ ಬರ್ರಿ. ಇಳಿಸ್ಬೇಕು!”

ಏರಿಸಿದ್ದನ್ನ ಮತ್ತೆ ಯಾಕೆ ಇಳಿಸ್ತಾರಪ್ಪ ಅಂತ ಸಿಟ್ಟು ಬಂತು. “ಎಷ್ಟು ಇಂಚು ಇಳಿಸ್ಬೇಕ್ರಿ?” ಅಂತ ಕೂಗಿದೆ.

“ಇಂಚಲ್ರಿ, ಅವ್ವನ್ನ! ಒಂದು ಗಂಟೆ ಆತು, ಗಾಡಿಯಿಂದ ಅವ್ವ ಇಳೀತಿಲ್ಲ!”

ಮಷೀನ್ ಬಿಸಾಕಿ, ಸ್ಪ್ಯಾನರ್ ಚೀಲ ಹೆಗಲಿಗೆ ಹಾಕ್ಕಂಡು ಬೈಕ್ ಹತ್ತಿದೆ. ಹದಿನೆಂಟು ವರ್ಷ ಬಸ್ಸಿನಾಗೆ ನಿಂತ ಹೆಣ್ಮಗಳ ಒಂದೇ ಒಂದು ಆಸೆ, ಅದನ್ನ ನಾನು ಕುಷನ್ ಅಂಗಡಿ ಬಾಗ್ಲಾಗೆ ಹಾಳ್ಮಾಡಿದೆ ಅಂತ ದಾರಿ ಉದ್ದಕ್ಕೂ ನನ್ನ ನಾನೇ ಬೈಕಂಡು ಹೋದೆ.

ಅತ್ತೆಯವರ ತಂಗಿ ಮನೆ ಮುಂದೆ ಓಣಿ ಜನ ಎಲ್ಲಾ ನಿಂತಿದ್ರು. ಮೇಡಂ ಕಣ್ಣು ಕೆಂಪಗಾಗಿತ್ತು. “ಮುಗೀತು ಅಣ್ಣಾ. ‘ನಾ ಇಳಿಯಲ್ಲ’ ಅಂತ ಒಂದೇ ಮಾತು ಹೇಳಿ ಕಣ್ಣು ಮುಚ್ಕಂಡಾರೆ. ಎಷ್ಟು ನೋವಾಗೈತೋ ಏನೋ. ಗಾಡಿಗೆ ಗಿರಾಕಿ ನೋಡಿಬಿಡ್ರಿ,” ಅಂದ್ರು. ಹಿಂದಿನ ಸೀಟಿಂದ ಯಜಮಾನ್ರು ಫೋನ್ ಹಿಡ್ಕಂಡೇ ಕೈ ಆಡಿಸಿದ್ರು. ಬಲಗಡೆ ಸೀಟು ಸರಿಯಲ್ಲ, ಎಡಗಡೆದು ಮುಂದೆ ಸರಿದ್ರೆ ಮಾತ್ರ ಅವರಿಗೆ ಹೊರಗೆ ದಾರಿ. ಅವ್ವ ಇಳಿಯೋ ತನಕ ಮಗನೂ ಇಳಿಯೋ ಹಂಗಿಲ್ಲ.

ಕಿಟಕಿ ಹತ್ರ ಕುಕ್ಕರುಗಾಲಲ್ಲಿ ಕೂತೆ. “ಅಮ್ಮಾ, ತಪ್ಪೆಲ್ಲಾ ನಂದು. ಮೇಡಂದು ಏನಿಲ್ಲ. ಸೊಂಟ ಹಿಡ್ಕಂತೇನಮ್ಮಾ?”

ಆಯಮ್ಮ ಒಂದು ಕಣ್ಣು ತೆಗೆದ್ರು. “ಹಿಡ್ಕಂಡೈತೆ.”

ಸೀಟು ಬಿಚ್ಚೇಬಿಡೋಣ ಅಂತ ನಾನು ಸ್ಪ್ಯಾನರ್ ಚೀಲಕ್ಕೆ ಕೈ ಹಾಕಿದೆ.

“ಈ ಸೀಟು ಹಿಡ್ಕಂಡೈತೆ ನನ್ನ ಸೊಂಟಾನ. ಎರಡೂ ಕಡೆಯಿಂದ ಒತ್ತಿ ಹಿಡ್ಕಂಡೈತೆ. ಹಂಪ್ ಹಾರಿಸಿದ್ರೂ ಅಲ್ಲಾಡ್ಲಿಲ್ಲ. ಎಷ್ಟು ವರ್ಷ ಆತೋ ಹಿಂಗೆ ನೋವಿಲ್ದೆ ಕುಂತು. ಒಂದೀಟು ಕಣ್ಣು ಹತ್ತಿತ್ತು, ಇವ್ರು ಇಳಿ ಇಳಿ ಅಂತ ಜೀವ ತಿಂತಾರೆ. ನಾ ಇಳಿಯಲ್ಲ ಅಂದ್ರೆ ಇಳಿಯಲ್ಲ!”

ಮೇಡಂ ಬಾನೆಟ್ ಮೇಲೆ ಕೈ ಊರಿ ನಿಂತೋರು ಅಳೋಕೆ ಶುರು ಮಾಡಿದ್ರು, ನಡುನಡುವೆ ನಗ್ತಿದ್ರು. “ಅಳ್ತೀಯಾಕೆ ಹುಚ್ಚಿ? ಗಾಡಿ ಮಾರಲ್ಲ ಬಿಡು,” ಅಂದ್ರು ಅತ್ತೆ. ನನಗೂ ಕಣ್ಣು ಒದ್ದೆ ಆತು, ಗ್ರೈಂಡಿಂಗ್ ಧೂಳು ಅಂತ ಹೇಳಿ ಒರೆಸ್ಕಂಡೆ. ತಂಗಿ ಕಿಟಕಿಯಿಂದ್ಲೇ ಮಂಡಕ್ಕಿ ಮಿರ್ಚಿ ಕೊಟ್ರು. ನಿಧಾನಕ್ಕೆ ತಿಂದು, ನೀರು ಕುಡಿದು, ಬಸ್ಸಿನ ಹಿಡಿಕೆ ಹಿಡಿದು ಆಯಮ್ಮ ತಾವಾಗೇ ಎದ್ದು ಹೊರಗೆ ಬಂದ್ರು. ಹಿಂದಿಂದ ಯಜಮಾನ್ರು ಉರುಳಿ ಬಂದ್ರು.

“ಏನಪ್ಪಾ, ನನ್ನ ಎಷ್ಟು ಇಂಚು ಇಳಿಸ್ಬೇಕು ಅಂತ ಕೇಳಿದ್ಯಲ್ಲ, ಎಲ್ಲಾ ಕೇಳಿಸ್ತು,” ಅಂದ್ರು ನನಗೆ. ನಾನು ಕೈ ಮುಗಿದೆ.

ಹಬ್ಬ ಮುಗಿದ ಮೇಲೆ ಅತ್ತೆ ಸೊಸೆ ಇಬ್ರೂ ಗ್ಯಾರೇಜಿಗೆ ಬಂದ್ರು. ಬಕೆಟ್ ಸೀಟಿಂದ ಇಳಿದು, ಅತ್ತೆ ಹತ್ತು ಹೆಜ್ಜೆ ಹಿಂದೆ ಹೋಗಿ, ಗದ್ದಕ್ಕೆ ಬೆರಳಿಟ್ಟು ಗಾಡೀನ ಮೇಲಿಂದ ಕೆಳಗೆ ನೋಡಿದ್ರು.

“ತಮ್ಮಾ, ನೀನು ಏರಿಸಿದ ಮೇಲೆ ಇದು ಕುರಿ ತುಂಬ್ಕಂಡು ಸಂತೆಗೆ ಹೊಂಟ ಟೆಂಪೋ ಹಂಗೆ ಕಾಣ್ತೈತೆ. ಮೊದ್ಲಿನಂಗೆ ಇಳಿಸು.”

ಮೇಡಂ ನನ್ನ ಮುಖ ನೋಡಿದ್ರು, ನಾನು ಮೇಡಂ ಮುಖ ನೋಡಿದೆ. ಬಾಯಿ ಅಭ್ಯಾಸ ಬಿಡಲ್ಲ ನೋಡ್ರಿ, ಕೇಳೇಬಿಟ್ಟೆ: “ಎಷ್ಟು ಇಂಚು ಅಮ್ಮಾ?”

“ಎರಡು. ಮತ್ತೆ ಆ ಸೈಲೆನ್ಸರೂ ಕಿತ್ತಾಕು. ನಾ ಬರೋದು ನನ್ನ ತಂಗಿಗೆ ಬಾತಿಯಿಂದ್ಲೇ ಗೊತ್ತಾಗ್ಬೇಕು!”